ತಿದ್ದುಪಡಿ ದಿಲ್ಲಿಯದು, ಲೆಕ್ಕ ಬೆಂಗಳೂರಿನದು: ಗಂಗಾವತಿ ಸೀಮೆಯಿಂದ ಸಂಸತ್ತನ್ನು ನೋಡಿದಾಗ

ಕಾನೂನು ರಚನೆ, ಆಯವ್ಯಯದ ಅಂಗೀಕಾರ, ಸರ್ಕಾರದ ಮೇಲೆ ನಿಗಾ ಎಂದು ಪಠ್ಯಪುಸ್ತಕಗಳು ಸಂಸತ್ತಿನ ಕಾರ್ಯಗಳನ್ನು ಹೇಳುತ್ತವೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳಗಳ ಪಾಲಿಗೆ ಅದಕ್ಕಿಂತ ದೊಡ್ಡವು ಎರಡು: 1956ರಲ್ಲಿ ಈ ನೆಲ ಯಾವ ರಾಜ್ಯದ್ದೆಂದು ತೀರ್ಮಾನಿಸಿದ್ದು, 2012ರಲ್ಲಿ ಇಲ್ಲಿಯ ಜನರಿಗಾಗಿ ಸಂವಿಧಾನವನ್ನೇ ತಿದ್ದಿದ್ದು.

ಮೊದಲನೆಯದನ್ನು ಬೇಗ ಹೇಳಿ ಮುಗಿಸಬಹುದು. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಈ ಊರುಗಳಿದ್ದ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯನ್ನು ಆಲಂಪುರ, ಗದ್ವಾಲ ತಾಲ್ಲೂಕುಗಳನ್ನು ಬಿಟ್ಟು ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಿಸಿತು. ಇಂಥ ಬದಲಾವಣೆಗೆ ಸಂವಿಧಾನದ 3ನೇ ವಿಧಿಯಡಿ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಆಗ ಲೋಕಸಭೆಯಲ್ಲಿ ಕುಷ್ಟಗಿ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದವರು ಪಕ್ಷೇತರರಾಗಿ ಗೆದ್ದಿದ್ದ ಅಳವಂಡಿ ಶಿವಮೂರ್ತಿಸ್ವಾಮಿ, ಹೈದರಾಬಾದ್ ವಿಮೋಚನಾ ಹೋರಾಟದ ಮುಂದಾಳು.

ಎರಡನೆಯದೇ ತೊಡಕಿನದು. ಹಿಂದಿನ ಹೈದರಾಬಾದ್ ರಾಜ್ಯದಿಂದ ಬಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲರಂಥ ಹೋರಾಟಗಾರರು ವರ್ಷಗಟ್ಟಲೆ ಮುಂದಿಟ್ಟ ಬೇಡಿಕೆಗೆ ರಾಜ್ಯದ ವಿಧಾನಮಂಡಲವೂ ದನಿಗೂಡಿಸಿದ ಮೇಲೆ, 2012ರ ಡಿಸೆಂಬರಿನಲ್ಲಿ ಉಭಯ ಸದನಗಳು ವಿಶೇಷ ಬಹುಮತದಿಂದ 98ನೇ ತಿದ್ದುಪಡಿಯನ್ನು ಅಂಗೀಕರಿಸಿದವು. ಹೀಗೆ ಬಂದ 371(ಜೆ) ವಿಧಿಯ ಬಲದಿಂದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದವುಗಳಲ್ಲಿ ಶೇ. 8 ಸೀಟುಗಳು ಸ್ಥಳೀಯರಿಗೆ ಮೀಸಲಾದವು. ಸರ್ಕಾರಿ ಹುದ್ದೆಗಳಲ್ಲೂ ಪಾಲು ಸಿಕ್ಕಿತು. ಈ ಮೀಸಲಾತಿಯ ಅರ್ಹತಾ ಪ್ರಮಾಣಪತ್ರಕ್ಕಾಗಿ ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಹಾಕುವ ಹುಡುಗ ಹುಡುಗಿಯರಿಗೆ ಸಂಸತ್ತು ಎಂದರೆ ಬಹುಶಃ ಇದೇ.

ಆದರೆ ಅದೇ ವಿಧಿಯ ಪ್ರಕಾರ ಈ ಭಾಗಕ್ಕೆಂದೇ ಇರುವ ಅಭಿವೃದ್ಧಿ ಮಂಡಳಿಯ ವಾರ್ಷಿಕ ವರದಿ ಮಂಡನೆಯಾಗಬೇಕಾದ್ದು ಸಂಸತ್ತಿನಲ್ಲಲ್ಲ, ರಾಜ್ಯದ ವಿಧಾನಸಭೆಯಲ್ಲಿ. ಕೇಂದ್ರದ ಹೊಣೆಗೆ ಮುಖ್ಯವಾಗಿ ಸೇರದ ವಿಷಯದ ಮೇಲೆ ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ನಿಯಮಾವಳಿ ಬಿಡುವುದಿಲ್ಲ. ಹಾಗಾಗಿ ಗಂಗಾವತಿಯ ಕಾಲೇಜೊಂದರಲ್ಲಿ ಹುದ್ದೆಗಳು ಖಾಲಿ ಬಿದ್ದಿದ್ದರೆ ಕೊಪ್ಪಳದ ಸಂಸದರು ಅದನ್ನು ಅಲ್ಲಿ ಪ್ರಶ್ನೆಯಾಗಿ ಎತ್ತುವುದು ಕಷ್ಟ. ಒಕ್ಕೂಟ ವ್ಯವಸ್ಥೆಯಲ್ಲಿ ಇದು ಸಹಜವೆಂದು ವಾದಿಸಬಹುದು. ಆ ವಾದಕ್ಕೆ ತೂಕವೂ ಇದೆ. ನನಗೆ ತಕರಾರಿರುವುದು ರಾಜ್ಯಪಾಲರ ಸ್ಥಾನದ ಬಗ್ಗೆ. ತಿದ್ದುಪಡಿ ಈ ಭಾಗದ ‘ವಿಶೇಷ ಹೊಣೆ’ಯನ್ನು ಅವರ ಹೆಗಲಿಗೆ ಹಾಕಲು ದಾರಿ ಮಾಡಿತು. ಅವರನ್ನು ನೇಮಿಸುವವರು ರಾಷ್ಟ್ರಪತಿ. ಆ ಹೊಣೆಯನ್ನು ಹೇಗೆ ನಿಭಾಯಿಸಿದರೆಂದು ಅವರನ್ನು ನಿಲ್ಲಿಸಿ ಕೇಳುವ ಅಧಿಕಾರ ವಿಧಾನಸಭೆಗೂ ಇಲ್ಲ, ಲೋಕಸಭೆಗೂ ಇಲ್ಲ.