ಲೇಸರ್ ಕಿರಣಕ್ಕೆ ಗಾಳಿಯ ಅಡ್ಡಿ

ನೇರ ನಡೆಗೆ ಹೆಸರಾದ ಲೇಸರ್ ಕಿರಣವೂ ವಾಯುಮಂಡಲವನ್ನು ಹಾಯುವಾಗ ಓಲಾಡುತ್ತದೆ, ಹರಡುತ್ತದೆ, ಮಿಣುಕುತ್ತದೆ. ಮೋಡ, ಧೂಳುಗಳಿಲ್ಲದ ತಿಳಿಗಾಳಿಯಲ್ಲೂ ಇದು ತಪ್ಪಿದ್ದಲ್ಲ. ಗಾಳಿಯ ಪ್ರಕ್ಷುಬ್ಧತೆಯೇ ಇದಕ್ಕೆ ಕಾರಣ. ಉಪಗ್ರಹಗಳೊಡನೆ ಬೆಳಕಿನ ಮೂಲಕ ಸಂವಹನ ನಡೆಸಬಯಸುವವರಿಗೆ ಇದೊಂದು ದೊಡ್ಡ ತೊಡಕು.

ಕಾರಣವೇನು?

ಬಿಸಿಲಿಗೆ ಕಾದ ನೆಲದಿಂದ ಮೇಲೇರುವ ಬಿಸಿಗಾಳಿ ತಣ್ಣನೆಯ ಗಾಳಿಯೊಡನೆ ಬೆರೆಯುವಾಗ ಸುಳಿಗಳು ಹುಟ್ಟುತ್ತವೆ. ದೊಡ್ಡ ಸುಳಿಗಳು ಒಡೆದು ಚಿಕ್ಕವಾಗುತ್ತ, ಕೊನೆಗೆ ಮಿಲಿಮೀಟರ್ ಗಾತ್ರಕ್ಕಿಳಿದು ಶಾಖವಾಗಿ ಕರಗುತ್ತವೆ. ಈ ಸರಣಿಗೆ 1941ರಲ್ಲಿ ಗಣಿತದ ರೂಪ ಕೊಟ್ಟವರು ರಷ್ಯಾದ ಆಂದ್ರೇ ಕೊಲ್ಮೊಗೊರೊವ್.

ನೆಲಮಟ್ಟದಲ್ಲಿ ಗಾಳಿಯ ವಕ್ರೀಭವನ ಸೂಚ್ಯಂಕ ಸುಮಾರು 1.0003. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಬದಲಾದರೆ ಸೂಚ್ಯಂಕದಲ್ಲಾಗುವ ವ್ಯತ್ಯಾಸ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು ಮಾತ್ರ. ಆದರೆ ಪ್ರತಿಯೊಂದು ಸುಳಿಯೂ ದುರ್ಬಲ ಮಸೂರದಂತೆ ವರ್ತಿಸುವುದರಿಂದ, ಕಿಲೋಮೀಟರುಗಟ್ಟಲೆ ಹಾದಿಯಲ್ಲಿ ಈ ಅಲ್ಪ ವ್ಯತ್ಯಾಸಗಳೇ ಕೂಡಿ ದೊಡ್ಡದಾಗುತ್ತವೆ.

ಮೂರು ಪರಿಣಾಮಗಳು

ಕಿರಣಕ್ಕಿಂತ ದೊಡ್ಡ ಸುಳಿಗಳು ಇಡೀ ಕಿರಣವನ್ನು ಅತ್ತಿತ್ತ ಬಾಗಿಸುತ್ತವೆ. ಚಿಕ್ಕ ಸುಳಿಗಳು ಅದನ್ನು ಅಗಲಗೊಳಿಸುತ್ತವೆ. ಕಿರಣದ ಬೇರೆ ಬೇರೆ ಭಾಗಗಳು ಪರಸ್ಪರ ವ್ಯತಿಕರಣಗೊಂಡು, ಗ್ರಾಹಕದಲ್ಲಿ ಬೆಳಕಿನ ತೀವ್ರತೆ ಏರಿಳಿಯುತ್ತದೆ. ನಕ್ಷತ್ರಗಳು ಮಿನುಗುವುದೂ ಇದೇ ಕಾರಣಕ್ಕೆ.

ಚಂದ್ರನ ದೂರವನ್ನು ಅಳೆಯುವ ಪ್ರಯೋಗ ಇದಕ್ಕೊಂದು ನಿದರ್ಶನ. 1969ರಲ್ಲಿ ಅಪೊಲೊ-11ರ ಯಾತ್ರಿಗಳು ಅಲ್ಲಿರಿಸಿದ ಪ್ರತಿಫಲಕದತ್ತ ಭೂಮಿಯಿಂದ ಲೇಸರ್ ಹಾಯಿಸಲಾಗುತ್ತದೆ. ಗಾಳಿಯ ದೆಸೆಯಿಂದ ಕಿರಣ ಒಂದು ಆರ್ಕ್‌ಸೆಕೆಂಡಿನಷ್ಟು ಹರಡಿದರೂ ಸಾಕು, ಚಂದ್ರನನ್ನು ಮುಟ್ಟುವಷ್ಟರಲ್ಲಿ ಅದರ ಅಗಲ ಸುಮಾರು 2 ಕಿ.ಮೀ. ಆಗಿರುತ್ತದೆ. ಪ್ರತಿಫಲಕಕ್ಕೆ ತಗಲುವುದು ಅದರ ಅತ್ಯಲ್ಪ ಪಾಲು.

ಪರಿಹಾರಗಳು

ವಿರೂಪಗೊಂಡ ಬೆಳಕನ್ನು ಅಳೆದು, ಅದಕ್ಕೆ ತಕ್ಕಂತೆ ಕನ್ನಡಿಯ ಮೈಯನ್ನು ಸೆಕೆಂಡಿಗೆ ನೂರಾರು ಬಾರಿ ಬದಲಿಸುವ ತಂತ್ರಕ್ಕೆ 'ಅಡಾಪ್ಟಿವ್ ಆಪ್ಟಿಕ್ಸ್' ಎಂದು ಹೆಸರು. ಅಮೆರಿಕದ ಖಗೋಳವಿಜ್ಞಾನಿ ಹೊರೇಸ್ ಬಾಬ್‌ಕಾಕ್ 1953ರಲ್ಲಿಯೇ ಇದನ್ನು ಸೂಚಿಸಿದ್ದರು.

ಇನ್ನೊಂದು ಉಪಾಯ, ಬೇರೆ ಬೇರೆ ಹಾದಿಗಳ ಏರಿಳಿತವನ್ನು ಸರಾಸರಿಗೊಳಿಸುವುದು. 2013ರಲ್ಲಿ ನಾಸಾ ಚಂದ್ರನ ಕಕ್ಷೆಯಲ್ಲಿದ್ದ ಲ್ಯಾಡೀ ನೌಕೆಯಿಂದ ಸೆಕೆಂಡಿಗೆ 622 ಮೆಗಾಬಿಟ್ ವೇಗದಲ್ಲಿ ಲೇಸರ್ ಮೂಲಕ ಮಾಹಿತಿ ಪಡೆಯಿತು. ನ್ಯೂ ಮೆಕ್ಸಿಕೊದ ಭೂಕೇಂದ್ರದಿಂದ ನೌಕೆಗೆ ಸಂದೇಶ ಕಳುಹಿಸಲು ನಾಲ್ಕು ಪ್ರತ್ಯೇಕ ದೂರದರ್ಶಕಗಳನ್ನು ಬಳಸಲಾಗಿತ್ತು. ಒಂದು ಕಿರಣ ಮಸುಕಾದಾಗ ಉಳಿದವು ಆ ಕೊರತೆಯನ್ನು ತುಂಬುತ್ತಿದ್ದವು.

ಪ್ರಕ್ಷುಬ್ಧತೆ ಬಹುಮಟ್ಟಿಗೆ ನೆಲದ ಸಮೀಪವೇ ಇರುವುದರಿಂದ, ಮೇಲಕ್ಕೆ ಹೋಗುವ ಕಿರಣ ಪಯಣದ ಆರಂಭದಲ್ಲೇ ಕೆಡುತ್ತದೆ. ಆ ದೋಷ ಮುಂದಿನ ದೂರದುದ್ದಕ್ಕೂ ಹಿಗ್ಗುತ್ತದೆ. ಕೆಳಗಿಳಿಯುವ ಕಿರಣ ಕೊನೆಯ ಕೆಲವು ಕಿಲೋಮೀಟರುಗಳಲ್ಲಷ್ಟೇ ಈ ತೊಂದರೆಯನ್ನು ಎದುರಿಸುತ್ತದೆ. ಆದ್ದರಿಂದಲೇ ಆಕಾಶದಿಂದ ಮಾಹಿತಿ ಪಡೆಯುವುದಕ್ಕಿಂತ ಆಕಾಶಕ್ಕೆ ಕಳುಹಿಸುವುದು ಕಷ್ಟ.