ದೆಜಿಮಾ ದ್ವೀಪದ ಕಟ್ಟಳೆಗಳು

ಜಪಾನಿನ ಕ್ಯೂಶೂ ದ್ವೀಪದ ವಾಯವ್ಯದ ಕೊನೆಯಲ್ಲಿರುವ ಹಿರಾದೊ ಎಂಬ ರೇವುಪಟ್ಟಣದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಭದ್ರವಾದ ಕಲ್ಲಿನ ಉಗ್ರಾಣವೊಂದನ್ನು ಕಟ್ಟಿಸಿ, ತಮ್ಮ ನಾಡಿನ ರೂಢಿಯಂತೆ ಅದರ ಮುಂಗೋಡೆಯ ಮೇಲೆ 1639 ಎಂಬ ವರ್ಷಸಂಖ್ಯೆಯನ್ನು ಕೆತ್ತಿಸಿದ್ದರು. ಮರುವರ್ಷ, 1640ರ ನವೆಂಬರಿನಲ್ಲಿ, ದೇಶವನ್ನು ಆಳುತ್ತಿದ್ದ ಸೇನಾಧಿಪತಿಯಾದ ಶೋಗುನನ ಅಧಿಕಾರಿಯಾದ ಇನೌಯೆ ಮಸಾಶಿಗೆ ಅಲ್ಲಿಗೆ ಬಂದು, ಈ ಸಂಖ್ಯೆಯು ಕ್ರಿಸ್ತನ ಜನನದಿಂದ ಎಣಿಸಿದ್ದಾದುದರಿಂದ ನಿಷಿದ್ಧವಾದ ಮತದ ಚಿಹ್ನೆಯೇ ಸರಿ, ಆದಕಾರಣ ಇಂಥ ಕಟ್ಟಡಗಳನ್ನೆಲ್ಲ ತಡಮಾಡದೆ ಕೆಡವತಕ್ಕದ್ದೆಂದು ಆಜ್ಞೆಮಾಡಿದನು. ಆ ದೇಶದಲ್ಲಿ ಬಹುಕಾಲ ಬಾಳಿ, ಅಲ್ಲಿಯ ಭಾಷೆಯನ್ನೂ ಅಧಿಕಾರಿಗಳ ಮನೋಧರ್ಮವನ್ನೂ ಚೆನ್ನಾಗಿ ಅರಿತಿದ್ದ ಕೋಠಿಯ ಮುಖ್ಯಸ್ಥ ಫ್ರಾಂಸ್ವಾ ಕ್ಯಾರನ್ ಒಂದು ಮಾತನ್ನೂ ಎದುರಾಡದೆ ಕೆಲಸದವರನ್ನು ಕರೆಯಿಸಿ ಕೆಡವುವ ಕಾರ್ಯಕ್ಕೆ ಹಚ್ಚಿದನು. ವರ್ಷಸಂಖ್ಯೆಯು ನೆಪಮಾತ್ರವಾಗಿದ್ದು, ಪರಕೀಯರು ಕೋಟೆಯಂಥ ಕಲ್ಲುಮನೆಯನ್ನು ಎಬ್ಬಿಸಿದರೆಂಬ ಸಂಶಯವೇ ಆ ಆಜ್ಞೆಗೆ ನಿಜವಾದ ಕಾರಣವಾಗಿದ್ದಿರಬಹುದು. ಆದರೂ, ತಮ್ಮ ನಾಡಿನಲ್ಲಿ ಯಾವ ಅರ್ಥವೂ ಇಲ್ಲದ ನಾಲ್ಕು ಅಂಕಿಗಳು ಪರನಾಡಿನಲ್ಲಿ ರಾಜದ್ರೋಹವಾಗಿ ಪರಿಣಮಿಸಬಲ್ಲುವೆಂಬುದನ್ನು ಆ ವರ್ತಕರು ಅಂದು ಕಂಡುಕೊಂಡರು.

ಆ ಕಾಲದ ಜಪಾನಿನ ಭಯಕ್ಕೆ ಆಧಾರವಿಲ್ಲದೆ ಇರಲಿಲ್ಲ. 1637-38ರಲ್ಲಿ ಶಿಮಾಬಾರದ ರೈತರು, ಅವರಲ್ಲಿ ಬಹುಮಂದಿ ಕ್ರೈಸ್ತರು, ದಂಗೆಯೆದ್ದು ಪ್ರಭುತ್ವವನ್ನು ನಡುಗಿಸಿದ್ದರು. ಮತಪ್ರಚಾರಕರ ಹಿಂದೆಯೇ ಸೈನ್ಯವೂ ಬರುವುದೆಂಬ ಶಂಕೆ ಶೋಗುನರ ಮನಸ್ಸಿನಲ್ಲಿ ಬಲವಾಗಿ ಬೇರೂರಿದ್ದಿತು. 1639ರಲ್ಲಿ ಪೋರ್ಚುಗೀಸರನ್ನು ದೇಶದಿಂದ ಹೊರಗಟ್ಟಿದರು. ವ್ಯಾಪಾರವನ್ನು ಪುನಃ ಬೇಡಿಕೊಳ್ಳಲು ಮರುವರ್ಷ ಮಕಾವ್‌ನಿಂದ ಬಂದ ಅವರ ನಿಯೋಗದಲ್ಲಿ 61 ಜನರ ಶಿರಚ್ಛೇದವಾಯಿತು. ಸುದ್ದಿಯನ್ನು ಹೇಳುವುದಕ್ಕಾಗಿ 13 ಜನರನ್ನು ಮಾತ್ರ ಉಳಿಸಿ ಹಿಂದಕ್ಕೆ ಕಳುಹಿದರು.

ಹೀಗೆ ಉಳಿದ ಏಕಮಾತ್ರ ಐರೋಪ್ಯರಾದ ಡಚ್ಚರನ್ನು 1641ರಲ್ಲಿ ಹಿರಾದೊದಿಂದ ಎಬ್ಬಿಸಿ ನಾಗಸಾಕಿಯ ಬಂದರಿನಲ್ಲಿದ್ದ ದೆಜಿಮಾ ಎಂಬ ಕೃತಕ ದ್ವೀಪದಲ್ಲಿ ನೆಲೆಗೊಳಿಸಲಾಯಿತು. ಪೋರ್ಚುಗೀಸರನ್ನು ಊರಿನ ಜನರಿಂದ ಬೇರ್ಪಡಿಸುವುದಕ್ಕೆಂದು 1636ರಲ್ಲಿ ನಾಗಸಾಕಿಯ 25 ಮಂದಿ ಶ್ರೀಮಂತ ವರ್ತಕರು ಹಣ ಹಾಕಿ ಸಮುದ್ರವನ್ನು ತುಂಬಿಸಿ ಮಾಡಿದ ಭೂಮಿ ಅದು. ಬೀಸಣಿಗೆಯ ಆಕಾರ, ನಾಲ್ಕು ಎಕರೆಗೂ ಕಡಮೆ ವಿಸ್ತಾರ, ಊರಿಗೆ ಸೇರಿಸುವ ಒಂದೇ ಒಂದು ಸೇತುವೆ, ಅದರ ಬಾಯಲ್ಲಿ ಹಗಲಿರುಳು ಕಾವಲು. ಇಷ್ಟಕ್ಕೆ ಡಚ್ಚರು ವರ್ಷಕ್ಕೆ 55 ಕಾನ್, ಎಂದರೆ 200 ಕಿಲೋಗ್ರಾಮಿಗೂ ಮಿಕ್ಕ ಬೆಳ್ಳಿಯನ್ನು ಬಾಡಿಗೆಯಾಗಿ ತೆರುತ್ತಿದ್ದರು.

ಸೇತುವೆಯ ಬಳಿಯಲ್ಲಿ ಎಲ್ಲರೂ ಓದುವಂತೆ ಒಂದು ಹಲಗೆಯನ್ನು ನೆಟ್ಟಿದ್ದರು. ವೇಶ್ಯೆಯರ ಹೊರತು ಬೇರೆ ಹೆಂಗಸರು ಒಳಗೆ ಬರಕೂಡದು, ಕೋಯಾ ಪರ್ವತದ ಭಿಕ್ಷುಗಳ ಹೊರತು ಇತರ ಸಂನ್ಯಾಸಿಗಳು ಬರಕೂಡದು, ಭಿಕ್ಷುಕರಿಗೆ ಪ್ರವೇಶವಿಲ್ಲ, ದ್ವೀಪದ ಸುತ್ತಲಿನ ಗೂಟಗಳ ಒಳಕ್ಕಾಗಲಿ ಸೇತುವೆಯ ಕೆಳಕ್ಕಾಗಲಿ ದೋಣಿಗಳು ನುಗ್ಗಬಾರದು, ತಕ್ಕ ಕಾರಣವಿಲ್ಲದೆ ಡಚ್ಚರು ಹೊರಗೆ ಕಾಲಿಡಬಾರದು. ಈ ಐದು ವಿಧಿಗಳಲ್ಲಿ ಪರದೇಶಿಯನ್ನು ಕುರಿತದ್ದು ಕೊನೆಯದೊಂದು ಮಾತ್ರ; ಉಳಿದುವೆಲ್ಲ ಮುಖ್ಯವಾಗಿ ಜಪಾನೀಯರನ್ನೇ ತಡೆಯುವಂಥವು. ಪರಕೀಯನಿಗಾಗಿ ಮಾಡಿದ ಕಟ್ಟಳೆಯ ಭಾರವು ಮೊದಲು ಬೀಳುವುದು ಸ್ವಕೀಯರ ಮೇಲೆ ಎಂಬ ಈ ಸಂಗತಿಯನ್ನು ದೆಜಿಮಾದ ಚರಿತ್ರೆಯನ್ನು ಬರೆದವರು ಸಾಕಷ್ಟು ಗಮನಿಸಿಲ್ಲವೆಂದೇ ನನ್ನ ಭಾವನೆ.

ಬೇಸಗೆಯ ಗಾಳಿಯೊಡನೆ ಜಾವಾ ದ್ವೀಪದಲ್ಲಿದ್ದ ಕಂಪನಿಯ ಕೇಂದ್ರವಾದ ಬತಾವಿಯದಿಂದ ಹಡಗು ಬಂದೊಡನೆ ಅದರ ಮದ್ದುಗುಂಡುಗಳನ್ನು ಅಧಿಕಾರಿಗಳು ವಶಪಡಿಸಿಕೊಳ್ಳುತ್ತಿದ್ದರು. ಬೈಬಲ್ ಮೊದಲಾದ ಮತಗ್ರಂಥಗಳನ್ನು ಒಟ್ಟುಗೂಡಿಸಿ ಮೊಳೆಹೊಡೆದು ಮುಚ್ಚಿಟ್ಟು, ಹಡಗು ಹೊರಡುವಾಗ ಹಿಂತಿರುಗಿಸುತ್ತಿದ್ದರು. ಕೋಠಿಯ ಮುಖ್ಯಸ್ಥನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಿಲ್ಲುವಂತಿರಲಿಲ್ಲ. ಮೊದಮೊದಲು ಸತ್ತವರಿಗೆ ಮಣ್ಣೂ ದೊರೆಯುತ್ತಿರಲಿಲ್ಲ, ಶವವನ್ನು ಕಡಲಿಗೆ ಬಿಡಬೇಕಾಗಿತ್ತು. ಕ್ರಿಸ್ತಜಯಂತಿಯನ್ನು ಆಚರಿಸುವುದಂತೂ ಅಚಿಂತ್ಯ; ಆದರೆ ಜಪಾನೀಯರು ಉತ್ತರಾಯಣದ ಆರಂಭವನ್ನು ಹಬ್ಬವಾಗಿ ಆಚರಿಸುತ್ತಿದ್ದುದರಿಂದ, ಅದೇ ದಿನಗಳಲ್ಲಿ ಬರುವ ತಮ್ಮ ಹಬ್ಬವನ್ನು ಡಚ್ಚರು ಆ ಹೆಸರಿನಲ್ಲಿ ನಡೆಸಿ, ನಾಗಸಾಕಿಯ ಅಧಿಕಾರಿಗಳನ್ನೂ ಊಟಕ್ಕೆ ಕರೆಯುತ್ತಿದ್ದರು.

ಇಷ್ಟನ್ನೂ ಅವರು ಸಹಿಸಿದ್ದು ಜಪಾನಿನ ಬೆಳ್ಳಿಗಾಗಿ ಮತ್ತು ತಾಮ್ರಕ್ಕಾಗಿ. ಪ್ರತಿಯಾಗಿ ಅವರು ತಂದ ಸರಕಿನಲ್ಲಿ ನಮ್ಮ ದೇಶದ್ದೂ ಬಹಳವಿದ್ದಿತು: ಬಂಗಾಳದ ರೇಷ್ಮೆ, ಚೋಳಮಂಡಲ ತೀರದ ಚೀಟಿ ಬಟ್ಟೆ. ಅಲ್ಲಿಯ ರಸಿಕರು ಆ ಬಟ್ಟೆಯ ತುಂಡುಗಳನ್ನು ಚಹಾಪಾನದ ಅಮೂಲ್ಯ ಪಾತ್ರೆಗಳಿಗೆ ಚೀಲವಾಗಿ ಹೊಲಿಯಿಸಿ ತಲೆಮಾರುಗಳವರೆಗೆ ಕಾಪಾಡುತ್ತಿದ್ದರು.

ವರ್ಷಕ್ಕೊಮ್ಮೆ ಕೋಠಿಯ ಮುಖ್ಯಸ್ಥನು ಶೋಗುನನಿಗೆ ಕಾಣಿಕೆ ಒಪ್ಪಿಸಲು ಎದೊ ನಗರಕ್ಕೆ, ಇಂದಿನ ತೋಕಿಯೋಗೆ, ಹೋಗಿಬರಬೇಕಾಗಿತ್ತು. ಹೋಗಿಬರಲು ಸುಮಾರು ಮೂರು ತಿಂಗಳು. 1691ರಲ್ಲಿಯೂ 1692ರಲ್ಲಿಯೂ ಈ ಪರಿವಾರದೊಡನೆ ಹೋದ ಜರ್ಮನ್ ವೈದ್ಯ ಎಂಗೆಲ್‌ಬರ್ಟ್ ಕೆಂಫರ್ ತಾನು ಕಂಡುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮುಖ್ಯಸ್ಥನನ್ನು ಉಚ್ಚಸ್ವರದಲ್ಲಿ ಕೂಗಿ ಕರೆಯುತ್ತಲೇ ಅವನು ಮಂಡಿಯೂರಿ, ಕೈಯೂರಿ, ಕಾಣಿಕೆಗಳ ರಾಶಿಗೂ ಶೋಗುನನ ಆಸನಕ್ಕೂ ನಡುವಣ ಗೊತ್ತಾದ ಜಾಗಕ್ಕೆ ತೆವಳಿ ಹೋಗಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಒಂದು ಮಾತನ್ನೂ ಆಡದೆ, ಬೆನ್ನು ತೋರಿಸದೆ, ಹಾಗೆಯೇ ಹಿಂದಕ್ಕೆ ತೆವಳಿ ಬರಬೇಕು. ಆಮೇಲೆ ಒಳಮನೆಯಲ್ಲಿ ಎರಡನೆಯ ದರ್ಶನ. ಶೋಗುನ ತ್ಸುನಯೋಶಿಯೂ ಅಂತಃಪುರದವರೂ ಜಾಲರಿಗಳ ಮರೆಯಲ್ಲಿ ಕುಳಿತು, ಈ ವಿಚಿತ್ರ ಜನರನ್ನು ಎದ್ದು ನಿಲ್ಲಿಸಿ, ನಡೆಯಿಸಿ, ಪರಸ್ಪರ ವಂದಿಸುವುದನ್ನೂ ಕುಣಿಯುವುದನ್ನೂ ಕುಡಿದವರಂತೆ ನಟಿಸುವುದನ್ನೂ ಮಾಡಿಸಿ ನೋಡಿದರು. ಕೆಂಫರ್ ತನ್ನ ಭಾಷೆಯ ಪ್ರಣಯಗೀತವೊಂದನ್ನು ಹಾಡಿದನು. ದೀರ್ಘಾಯುಸ್ಸನ್ನು ಕೊಡುವ ಔಷಧವಾವುದೆಂದೂ ಅವನನ್ನು ಕೇಳಿದರು. ಕಂಪನಿಯ ಗೌರವಕ್ಕಾಗಿ ಮುಖ್ಯಸ್ಥನನ್ನು ಮಾತ್ರ ಈ ಆಟಗಳಿಂದ ಬಿಟ್ಟಿದ್ದರು.

ತರುವಾಯದ ಐರೋಪ್ಯ ಲೇಖಕರು ಲಾಭದಾಸೆಗಾಗಿ ಮಾನವನ್ನು ಮಾರಿದರೆಂದು ಡಚ್ಚರನ್ನು ಹಳಿದಿದ್ದಾರೆ. ಕುಣಿಸಿ ನೋಡಿದ ವಿನೋದವನ್ನು ನಾನು ಸಮರ್ಥಿಸಲಾರೆ. ಅತಿಥಿಯನ್ನು ಹಾಗೆ ನಡೆಸಿಕೊಳ್ಳುವುದು ಯಾವ ದೇಶದಲ್ಲಿಯೂ ಸಲ್ಲದು. ಆದರೆ ತೆವಳಿದ ಮಾತು ಬೇರೆ. ದೊಡ್ಡ ದೊಡ್ಡ ಸೀಮೆಗಳನ್ನು ಆಳುತ್ತಿದ್ದ ಜಪಾನಿನ ಸಾಮಂತರೂ ಆ ಸಭಾಂಗಣದಲ್ಲಿ ಹಣೆಯನ್ನು ನೆಲಕ್ಕೊತ್ತಿಯೇ ತಮ್ಮ ಒಡೆಯನಿಗೆ ನಮಸ್ಕರಿಸುತ್ತಿದ್ದರು. ಸರದಿಯಂತೆ ಎದೊದಲ್ಲಿ ವಾಸಮಾಡುವ ನಿರ್ಬಂಧವೂ ಅವರಿಗಿದ್ದಿತು, ಅವರ ಹೆಂಡಿರುಮಕ್ಕಳು ಅಲ್ಲಿಯೇ ಉಳಿಯಬೇಕಾಗಿದ್ದಿತು. ನಾಡಿನ ಪ್ರಭುಗಳೇ ಮಾಡುವ ನಮಸ್ಕಾರವನ್ನು ಹೊರಗಿನಿಂದ ಬಂದ ವರ್ತಕನೂ ಮಾಡಿದರೆ ಅದರಲ್ಲಿ ಅವಮಾನವೆಲ್ಲಿ ಬಂದಿತು?

ಎಲ್ಲ ನಿಯಮಗಳಿಗಿಂತಲೂ ಕಠಿನವಾದದ್ದೆಂದರೆ ಜಪಾನಿನ ವಿಷಯವನ್ನು ಪರದೇಶಿಗಳಿಗೆ ತಿಳಿಸಬಾರದೆಂಬುದು. ದ್ವೀಪಕ್ಕೆ ಬರುವ ದುಭಾಷಿಗಳೂ ಸೇವಕರೂ ರಕ್ತಮುದ್ರೆಯೊತ್ತಿ ಈ ಪ್ರತಿಜ್ಞೆಯನ್ನು ಮಾಡುತ್ತಿದ್ದರು. ಕೆಂಫರನ ಮಹಾಗ್ರಂಥವು, ಅವನ ಮರಣಾನಂತರ 1727ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಒಂದು ಶತಮಾನದವರೆಗೆ ಐರೋಪ್ಯರಿಗೆ ಜಪಾನಿನ ಕನ್ನಡಿಯಾಗಿದ್ದ ಆ ಗ್ರಂಥವು, ಈ ಪ್ರತಿಜ್ಞೆಯು ಭಂಗವಾಗದೆ ಹುಟ್ಟುವಂತಿರಲಿಲ್ಲ. ಅವನ ಶುಶ್ರೂಷೆಗೆಂದು ನಿಯಮಿತನಾಗಿದ್ದ ತರುಣನೊಬ್ಬನು ಅವನಿಂದ ಡಚ್ ಭಾಷೆಯನ್ನೂ ವೈದ್ಯವನ್ನೂ ಕಲಿತು, ಕೃತಜ್ಞತೆಯಿಂದ ಗ್ರಂಥಗಳನ್ನೂ ವಿಷಯಗಳನ್ನೂ ಗುಟ್ಟಾಗಿ ತಂದೊದಗಿಸಿದನು. ಕೆಂಫರ್ ಅವನ ಉಪಕಾರವನ್ನು ತುಂಬುಹೃದಯದಿಂದ ಸ್ಮರಿಸಿದ್ದಾನೆ. ಹೆಸರನ್ನು ಮಾತ್ರ ಹೇಳಿಲ್ಲ. ಆ ತರುಣನು ಇಮಾಮುರಾ ಗೆನ್‌ಎಮೊನ್ ಎಂಬುದು ವಿದ್ವಾಂಸರಿಗೆ ಗೊತ್ತಾದದ್ದು ಸುಮಾರು 300 ವರ್ಷಗಳ ಬಳಿಕ. ಅಷ್ಟರಲ್ಲಿ ಅವನು ದುಭಾಷಿಗಳಲ್ಲಿ ಉನ್ನತ ಪದವಿಗೆ ಏರಿ, ಗೌರವದಿಂದ ಬಾಳಿ, ಕಣ್ಮುಚ್ಚಿ ಎಷ್ಟೋ ಕಾಲವಾಗಿದ್ದಿತು.

1823ರಲ್ಲಿ ದೆಜಿಮಾಕ್ಕೆ ಬಂದ ಇನ್ನೊಬ್ಬ ಜರ್ಮನ್ ವೈದ್ಯ ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಟನು ವಿದ್ಯೆಯಲ್ಲಿ ಕೆಂಫರನಿಗೆ ಕಡಮೆಯವನಲ್ಲ. ನಾಗಸಾಕಿಯಲ್ಲಿ ಅವನು ನಡೆಸಿದ ಶಾಲೆಯಿಂದ ಜಪಾನಿನ ವೈದ್ಯವಿದ್ಯೆಗೆ ಆದ ಉಪಕಾರ ಅಪಾರ. ಎದೊಗೆ ಹೋಗಿದ್ದಾಗ ಅವನಿಗೆ ಶೋಗುನನ ಆಸ್ಥಾನದ ಖಗೋಳಜ್ಞ ತಕಹಾಶಿ ಕಗೆಯಾಸುವಿನ ಸ್ನೇಹವಾಯಿತು. ದೇಶದ ನಕ್ಷೆಯನ್ನು ಪರಕೀಯರ ಕೈಗೆ ಕೊಡುವುದು ಘೋರಾಪರಾಧವೆಂದು ಇಬ್ಬರೂ ಬಲ್ಲರು. ಆದರೂ ರಷ್ಯದ ನಾವಿಕ ಕ್ರುಸೆನ್‌ಸ್ಟರ್ನನ ಪ್ರವಾಸಗ್ರಂಥಕ್ಕೆ ಆಸೆಪಟ್ಟು, ಇನೋ ತದಾತಕಾ ಬಾಳಿನ ಕೊನೆಯ ವರ್ಷಗಳನ್ನು ಸವೆಯಿಸಿ ಅಳೆದು ರಚಿಸಿದ ಜಪಾನಿನ ನಕ್ಷೆಯ ಪ್ರತಿಯನ್ನು ತಕಹಾಶಿಯು ಕೊಟ್ಟನು. 1828ರಲ್ಲಿ ಇದು ಬಯಲಾಯಿತು. ಸ್ನೇಹಿತರನ್ನು ಉಳಿಸುವ ಆಸೆಯಿಂದ ತಾನು ಜಪಾನಿನ ಪ್ರಜೆಯಾಗಿ ಅಲ್ಲಿಯೇ ಉಳಿಯುವೆನೆಂದು ಸೀಬೋಲ್ಟನು ಬಿನ್ನವಿಸಿದ್ದುಂಟು; ಅದು ಸಫಲವಾಗಲಿಲ್ಲ. ತಕಹಾಶಿಯು 1829ರಲ್ಲಿ ಸೆರೆಮನೆಯಲ್ಲಿ ಸತ್ತನು. ತೀರ್ಪು ಇನ್ನೂ ಆಗಿರಲಿಲ್ಲವಾದುದರಿಂದ ಅವನ ಶವವನ್ನು ಉಪ್ಪಿನಲ್ಲಿಟ್ಟು ಕಾಪಾಡಿ, ಆಮೇಲೆ ಮರಣದಂಡನೆಯನ್ನು ವಿಧಿಸಿದರು. ಮಕ್ಕಳನ್ನು ದೂರದ ದ್ವೀಪಕ್ಕೆ ಅಟ್ಟಿದರು. ಸೀಬೋಲ್ಟನಿಗೆ ಆದ ಶಿಕ್ಷೆ ದೇಶದಿಂದ ಬಹಿಷ್ಕಾರ. ಅವನು ತನ್ನ ಸಂಗ್ರಹಗಳೊಡನೆ ಹಾಲೆಂಡಿಗೆ ಹೋಗಿ, ಲೈಡನ್ ನಗರದಲ್ಲಿ ನೆಲಸಿ, ಕೀರ್ತಿಯನ್ನು ಪಡೆದನು. ಹೊಸ ಒಪ್ಪಂದಗಳಾಗಿ ನಿಷೇಧವು ತೆರವಾದ ಮೇಲೆ 1859ರಲ್ಲಿ ಮತ್ತೆ ನಾಗಸಾಕಿಯ ದಡದಲ್ಲಿ ಇಳಿದನು.

ಕೆಂಫರನೂ ಸೀಬೋಲ್ಟನೂ ಕಟ್ಟಳೆಯನ್ನು ಮೀರಿದವರೇ. ಆ ಉಲ್ಲಂಘನೆಗಳಿಂದ ಲೋಕದ ಜ್ಞಾನವು ಬೆಳೆಯಿತೆಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆಂಫರನು ತನಗೆ ನೆರವಾದವನ ಹೆಸರನ್ನು ಹೊರಗೆಡಹಲಿಲ್ಲ; ಸೀಬೋಲ್ಟನು ಬೇಡಿದ್ದು ಸಿಕ್ಕಿಬಿದ್ದರೆ ಕೊಟ್ಟವನ ಜೀವವನ್ನೇ ಕೊಳ್ಳುವ ವಸ್ತುವನ್ನು. ಅದನ್ನು ಅರಿತೇ ಬೇಡಿದನು, ಪಡೆದನು, ಬಚ್ಚಿಡಲಾರದೆ ಹೋದನು. ಅವನ ಪಾಂಡಿತ್ಯವನ್ನು ಎಷ್ಟು ಗೌರವಿಸಿದರೂ, ಅತಿಥಿಯಾಗಿ ಅವನು ಕೆಂಫರನಿಗೆ ಸಮನಲ್ಲವೆಂದು ಹೇಳದೆ ವಿಧಿಯಿಲ್ಲ.