ಬಾಡಿಗೆ ಅಟ್ಟದ ಕಥೆ: ಸೆಲ್ಫ್ ಸ್ಟೋರೇಜ್ ಮತ್ತು ಮರುಬಳಕೆ

ಇವತ್ತಿನ ಸಂಚಿಕೆಯಲ್ಲಿ ಒಂದು ವಿಚಿತ್ರ ವ್ಯಾಪಾರದ ಇತಿಹಾಸ ನೋಡೋಣ. ಈ ವ್ಯಾಪಾರದಲ್ಲಿ ಮಾರೋದಕ್ಕೆ ಸರಕು ಅಂತ ಏನೂ ಇಲ್ಲ. ಇರೋದು ಖಾಲಿ ಜಾಗ ಮತ್ತು ಒಂದು ಬಾಗಿಲು. ಬೀಗ ನಿಮ್ಮದು, ಬೀಗದ ಕೈ ನಿಮ್ಮದು, ಒಳಗಿಟ್ಟ ಸಾಮಾನೂ ನಿಮ್ಮದೇ. ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು, ಅಷ್ಟೇ. ಇದಕ್ಕೆ ಸೆಲ್ಫ್ ಸ್ಟೋರೇಜ್ ಅಂತ ಹೆಸರು. ಅಮೆರಿಕದಲ್ಲಿ ಕೆಲಸಕ್ಕಾಗಿ ಊರಿಂದೂರಿಗೆ ಹೋಗುವ ಕನ್ನಡಿಗರಿಗೆ ಇದು ಹೊಸದೇನಲ್ಲ. ಈಚಿನ ವರ್ಷಗಳಲ್ಲಿ ಬೆಂಗಳೂರಿಗೂ ಬಂದಿದೆ. ನಮ್ಮ ಹಳೇ ಮನೆಗಳಲ್ಲಿ ಅಟ್ಟ ಇರ್ತಿತ್ತಲ್ಲ, ಆ ಅಟ್ಟವನ್ನೇ ಬೇರೆ ಕಡೆ ಬಾಡಿಗೆಗೆ ಹಿಡಿದ ಹಾಗೆ ಅಂದ್ಕೊಳ್ಳಿ.

ಈ ಕಂಪನಿಗಳು ಈಗ ತಮ್ಮದು ಪರಿಸರಸ್ನೇಹಿ ವ್ಯಾಪಾರ ಅಂತ ಹೇಳಿಕೊಳ್ತವೆ. ಹಳೇ ರಟ್ಟಿನ ಡಬ್ಬಗಳ ಮರುಬಳಕೆ, ಚಾವಣಿಯ ಮೇಲೆ ಸೋಲಾರ್ ಫಲಕ, ಹಳೇ ಕಟ್ಟಡಗಳಿಗೆ ಹೊಸ ಜೀವ ಎಂಬ ಮಾತುಗಳೆಲ್ಲ ಅವುಗಳ ಜಾಹೀರಾತಿನಲ್ಲಿ ಇರ್ತವೆ. ಇದರಲ್ಲಿ ಎಷ್ಟು ನಿಜ ಅಂತ ತಿಳಿಯೋಕೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

1830ರ ಆಸುಪಾಸಿನ ಲಂಡನ್. ಬೆಲ್‌ಗ್ರೇವಿಯಾ ಎಂಬ ಶ್ರೀಮಂತರ ಬಡಾವಣೆಯಲ್ಲಿ ಪ್ಯಾಂಟೆಕ್ನಿಕನ್ ಅನ್ನೋ ದೊಡ್ಡ ಕಟ್ಟಡ ಎದ್ದಿತು. ಮುಂದೆ ಅದು ಸಿರಿವಂತರ ಪೀಠೋಪಕರಣ, ಚಿತ್ರಗಳು, ಗಾಡಿಗಳನ್ನು ಕಾದಿಡುವ ಉಗ್ರಾಣವಾಗಿ ಹೆಸರಾಯಿತು. ಬೆಂಕಿ ತಾಗದ ಕಟ್ಟಡ ಅಂತ ಅದರ ಖ್ಯಾತಿ. ಆದರೆ 1874ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು. ಬೆಲೆ ಕಟ್ಟಲಾಗದ ಕಲಾಕೃತಿಗಳೆಲ್ಲ ಬೂದಿಯಾದವು. ಉಳಿದದ್ದು ಕಟ್ಟಡದ ಮುಂಭಾಗದ ಕಂಬಗಳ ಸಾಲು. ಜೊತೆಗೆ ಒಂದು ಪದವೂ ಉಳಿಯಿತು: ಸಾಮಾನು ಸಾಗಿಸುವ ದೊಡ್ಡ ಗಾಡಿಗೆ ಇಂಗ್ಲಿಷರು ಮುಂದೆಯೂ ಪ್ಯಾಂಟೆಕ್ನಿಕನ್ ಅಂತಲೇ ಕರೆದರು. ಆ ಕಂಬಗಳು ಈಗಲೂ ಇವೆ, ಹಿಂದಿನ ಜಾಗದಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ವ್ಯಾಪಾರಗಳು ನಡೆದಿವೆ.

ಇನ್ನು ಸಾಮಾನು ತುಂಬೋ ಪೆಟ್ಟಿಗೆಗೆ ಬರೋಣ. ಇಲ್ಲಿ ನಮ್ಮ ದೇಶದ ಕೊಂಡಿಯೂ ಇದೆ. ಅಸ್ಸಾಂ, ಸಿಲೋನ್, ನೀಲಗಿರಿಗಳಿಂದ ಬ್ರಿಟನ್ನಿಗೆ ಚಹಾ ಹೋಗ್ತಿದ್ದದ್ದು ಪ್ಲೈವುಡ್ ಪೆಟ್ಟಿಗೆಗಳಲ್ಲಿ. ಅಂಚಿಗೆ ತಗಡಿನ ಪಟ್ಟಿ, ಒಳಗೆ ತೆಳು ಲೋಹದ ಹಾಳೆ. ಚಹಾ ಖಾಲಿಯಾದ ಮೇಲೆ ಆ ಪೆಟ್ಟಿಗೆಯನ್ನು ಯಾರೂ ಬಿಸಾಡಲಿಲ್ಲ. ಮನೆ ಸಾಮಾನು ಸಾಗಿಸುವ ಕಂಪನಿಗಳು ಅವನ್ನೇ ಕೊಂಡು ಪಾತ್ರೆ, ಪುಸ್ತಕ ತುಂಬೋಕೆ ಬಳಸಿದವು. ಒಂದೊಂದು ಪೆಟ್ಟಿಗೆ ಹತ್ತಾರು ಮನೆ ಕಾಣುತ್ತಿತ್ತು. 1950ರ ದಶಕದಲ್ಲಿ ಬ್ರಿಟನ್ನಿನ ಹುಡುಗರು ಅದಕ್ಕೊಂದು ಕೋಲು, ಒಂದು ದಾರ ಕಟ್ಟಿ ಸಂಗೀತ ವಾದ್ಯ ಮಾಡಿಕೊಂಡರು. ಬೀಟಲ್ಸ್‌ಗೂ ಮೊದಲು ಜಾನ್ ಲೆನನ್ ಕಟ್ಟಿದ್ದ ಕ್ವಾರಿಮೆನ್ ತಂಡದಲ್ಲೂ ಇಂಥ ಚಹಾ ಪೆಟ್ಟಿಗೆಯ ವಾದ್ಯ ಇತ್ತು. ‘ಮರುಬಳಕೆ’ ಅನ್ನೋ ಮಾತು ಫ್ಯಾಷನ್ ಆಗೋಕೆ ಎಷ್ಟೋ ಮೊದಲಿನ ಕಥೆ ಇದು.

ಅದರ ಜಾಗಕ್ಕೆ ಬಂದದ್ದು ರಟ್ಟಿನ ಡಬ್ಬ. 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಸುಕ್ಕು ಸುಕ್ಕಾದ ಕಾಗದಕ್ಕೆ ಪೇಟೆಂಟ್ ಪಡೆದ. ಗಾಜಿನ ಸೀಸೆ ಒಡೀದಂತೆ ಸುತ್ತೋಕೆ ಅದು ಬಳಕೆಯಾಯಿತು. 1879ರ ಹೊತ್ತಿಗೆ ಬ್ರೂಕ್ಲಿನ್‌ನ ರಾಬರ್ಟ್ ಗೇರ್, ರಟ್ಟನ್ನು ಒಂದೇ ಏಟಿಗೆ ಕತ್ತರಿಸಿ ಮಡಿಕೆ ಗೆರೆ ಹಾಕುವ ಯಂತ್ರ ತಂದ. ಡಬ್ಬ ಅಗ್ಗವಾಯಿತು, ಹಗುರವಾಯಿತು. ಅಗ್ಗವಾದದ್ದರ ಕಥೆ ನಮಗೆ ಗೊತ್ತೇ ಇದೆಯಲ್ಲ, ಒಂದು ಸಲ ಬಳಸಿ ಎಸೆಯೋದು ಶುರುವಾಯಿತು.

ಈ ಡಬ್ಬವನ್ನು ಮತ್ತೆ ಚಲಾವಣೆಗೆ ತಂದವರಲ್ಲಿ ಯು-ಹಾಲ್ ಕಂಪನಿಯೂ ಒಂದು. 1945ರಲ್ಲಿ ಶೋಯನ್ ದಂಪತಿ ಬಾಡಿಗೆ ಟ್ರೇಲರ್‌ಗಳಿಂದ ಶುರುಮಾಡಿದ ಈ ಕಂಪನಿ ಆಮೇಲೆ ಸ್ಟೋರೇಜ್ ವ್ಯಾಪಾರಕ್ಕೂ ಇಳಿಯಿತು. ಅದರ ಮಳಿಗೆಗಳಲ್ಲಿ ಒಂದು ಸರಳ ಏರ್ಪಾಡಿದೆ. ಮನೆ ಬದಲಿಸಿ ಮುಗಿದವರು ಡಬ್ಬ ಬಿಟ್ಟು ಹೋಗಬಹುದು, ಬೇಕಾದವರು ದುಡ್ಡಿಲ್ಲದೆ ತಗೊಂಡು ಹೋಗಬಹುದು. ನೋಡೋಕೆ ಚಿಕ್ಕ ಕೆಲಸ. ಆದರೆ ರಟ್ಟನ್ನು ಅರೆದು ಮತ್ತೆ ರಟ್ಟು ಮಾಡೋಕೆ ನೀರು ಬೇಕು, ಇಂಧನ ಬೇಕು, ಪ್ರತಿ ಸಲವೂ ನಾರು ತುಂಡಾಗಿ ಸವೆಯುತ್ತೆ. ಡಬ್ಬವನ್ನು ಡಬ್ಬವಾಗಿಯೇ ಇನ್ನೊಬ್ಬರಿಗೆ ದಾಟಿಸಿದರೆ ಇದ್ಯಾವ ಖರ್ಚೂ ಇಲ್ಲ.

ಈಗ ಸೆಲ್ಫ್ ಸ್ಟೋರೇಜ್ ಹುಟ್ಟಿದ ಕಥೆ. 1958ರಲ್ಲಿ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಕೊಲಮ್ ಕುಟುಂಬ ಇಂಥದ್ದೊಂದನ್ನು ನಡೆಸಿತು ಅಂತಾರೆ. ವ್ಯಾಪಾರಕ್ಕೆ ಈಗಿನ ರೂಪ ಕೊಟ್ಟದ್ದು ಮಾತ್ರ ಟೆಕ್ಸಾಸ್. ರಸ್ ವಿಲಿಯಮ್ಸ್ ಎಣ್ಣೆಬಾವಿಗಳ ಊರಾದ ಒಡೆಸ್ಸಾದವನು, ಮೀನು ಹಿಡಿಯೋ ಹುಚ್ಚಿನವನು. 1964ರಲ್ಲಿ ಸಾಲು ಕೊಠಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟ. ಜನ ದೋಣಿ ಇಟ್ಟರು, ಉಪಕರಣ ಇಟ್ಟರು. 1972ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಕಹೋನ್‌ನಲ್ಲಿ ವೇಯ್ನ್ ಹ್ಯೂಸ್ ಮತ್ತು ಕೆನೆತ್ ವೋಲ್ಕ್ ಸೇರಿ ಪಬ್ಲಿಕ್ ಸ್ಟೋರೇಜ್‌ನ ಮೊದಲ ಘಟಕ ತೆರೆದರು. ಅವರ ಲೆಕ್ಕ ನೋಡಿ: ಊರಂಚಿನ ಜಮೀನಿಗೆ ಬೆಲೆ ಬರೋವರೆಗೆ ಅದರ ಮೇಲೆ ಅಗ್ಗದ ಶೆಡ್ ಹಾಕಿ ನಾಲ್ಕು ಕಾಸು ಮಾಡಿಕೊಳ್ಳೋದು, ಬೆಲೆ ಬಂದ ಮೇಲೆ ಕೆಡವೋದು. ಕೆಡವೋ ದಿನ ಬರಲೇ ಇಲ್ಲ. ಶೆಡ್ಡುಗಳೇ ಅಷ್ಟು ಲಾಭ ತಂದವು.

ಎಲ್ಲ ಕಡೆಯೂ ಹೊಸ ಶೆಡ್ಡೇ ಕಟ್ಟಲಿಲ್ಲ. ಮುಚ್ಚಿದ ಕಾರ್ಖಾನೆ, ಬಾಗಿಲು ಹಾಕಿದ ಕೆಮಾರ್ಟ್ ಅಂಗಡಿಗಳೂ ಸ್ಟೋರೇಜ್ ಆದವು. ಇದರಲ್ಲಿ ನಿಜವಾದ ಉಳಿತಾಯ ಇದೆ. ಕಟ್ಟಡವೊಂದರ ಸಿಮೆಂಟು, ಉಕ್ಕು ತಯಾರಿಸೋಕೆ ಸುಟ್ಟ ಇಂಧನ ಆಗಲೇ ಸುಟ್ಟಾಗಿದೆ. ಕೆಡವಿದರೆ ಅದೆಲ್ಲ ದಂಡ. ಜೊತೆಗೆ ಸ್ಟೋರೇಜ್‌ಗೆ ಕಿಟಕಿ, ಗಾಳಿ ಬೆಳಕು ಹೆಚ್ಚು ಬೇಡ. ಬೇರೆ ಯಾವುದಕ್ಕೂ ಒದಗದ ಕಟ್ಟಡವೂ ಇದಕ್ಕೆ ಒದಗುತ್ತೆ.

ಸೇಂಟ್ ಲೂಯಿಸ್ ನಗರದ ಉದಾಹರಣೆ ಕೇಳಿ. ಅಲ್ಲಿ ಅಮೆರಿಕನ್ ಸ್ಟೋವ್ ಕಂಪನಿಗಾಗಿ 1940ರ ದಶಕದಲ್ಲಿ ಹ್ಯಾರಿಸ್ ಆರ್ಮ್‌ಸ್ಟ್ರಾಂಗ್ ಒಂದು ಕಟ್ಟಡ ವಿನ್ಯಾಸ ಮಾಡಿದ್ದ. ಪ್ರವೇಶ ಹಜಾರದ ಚಾವಣಿಯನ್ನು ರೂಪಿಸಿದ್ದು ಶಿಲ್ಪಿ ಇಸಾಮು ನೊಗುಚಿ. ಒಲೆ ಕಂಪನಿ ಹೋಯಿತು, ಕಟ್ಟಡ ಯು-ಹಾಲ್ ಕೈಗೆ ಬಂತು. ನೊಗುಚಿಯ ಕೃತಿ ಫಾಲ್ಸ್ ಸೀಲಿಂಗ್‌ನ ಮರೆಯಲ್ಲಿ ದಶಕಗಟ್ಟಲೆ ಮುಚ್ಚಿಹೋಯಿತು. 2016ರಲ್ಲಿ ಅದನ್ನು ತೆಗೆದಾಗ ಮೂಲ ಚಾವಣಿ ಮತ್ತೆ ಬೆಳಕಿಗೆ ಬಂತು. ಕಟ್ಟಡವನ್ನೇ ಕೆಡವಿದ್ದರೆ ಅದು ಗುಜರಿಯ ಪಾಲಾಗ್ತಿತ್ತು.

ಸೋಲಾರ್ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ಸ್ಟೋರೇಜ್ ಕಟ್ಟಡಕ್ಕೆ ಅಗಲವಾದ ಚಾವಣಿ ಇದೆ, ಒಳಗೆ ಜನ ಕಡಿಮೆ. ಯಾರಾದರೂ ನಡೆದಾಗ ಮಾತ್ರ ಹತ್ತುವ ದೀಪ ಹಾಕಿದರೆ ಕರೆಂಟ್ ಖರ್ಚೂ ಕಡಿಮೆ. ಹಾಗಾಗಿ ಎಕ್ಸ್‌ಟ್ರಾ ಸ್ಪೇಸ್‌ನಂಥ ಕಂಪನಿಗಳು ದೊಡ್ಡ ಪ್ರಮಾಣದಲ್ಲಿ ಸೋಲಾರ್ ಹಾಕಿಸಿವೆ. ಸೆಖೆ, ತೇವ ತಾಗದಂತೆ ಎಸಿ ಹಾಕಿದ ಕೋಣೆಗಳ ಲೆಕ್ಕ ಮಾತ್ರ ಬೇರೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತೆ. ಬೀಗದೊಳಗಿನ ಸಾಮಾನಿನ ಗತಿ ಏನು?

ಬಾಡಿಗೆ ನಿಂತರೆ ಸಾಮಾನು ಹರಾಜು ಹಾಕುವ ಹಕ್ಕನ್ನು ಅಮೆರಿಕದ ರಾಜ್ಯಗಳ ಕಾನೂನು ಕಂಪನಿಗಳಿಗೆ ಕೊಟ್ಟಿದೆ. ಶಿಕಾಗೋದಲ್ಲಿ ವಿವಿಯನ್ ಮೇಯರ್ ಅಂತ ಒಬ್ಬರು ಇದ್ದರು. ಜೀವನವೆಲ್ಲ ಬೇರೆಯವರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಂಡವರು. ಬಿಡುವಿನಲ್ಲಿ ಬೀದಿಯ ಜನರ ಫೋಟೋ ತೆಗೀತಿದ್ದರು, ಯಾರಿಗೂ ತೋರಿಸ್ತಿರಲಿಲ್ಲ. ಎಲ್ಲವೂ ಬಾಡಿಗೆ ಕೋಣೆ ಸೇರಿತ್ತು. 2007ರಲ್ಲಿ, ಅವರಿಗೆ 81 ವರ್ಷ ಆಗಿದ್ದಾಗ, ಬಾಡಿಗೆ ಕಟ್ಟಲಾಗದೆ ಅದು ಹರಾಜಾಯಿತು. ಸ್ಥಳೀಯ ಇತಿಹಾಸದ ಪುಸ್ತಕಕ್ಕೆ ಹಳೇ ಫೋಟೋ ಹುಡುಕ್ತಿದ್ದ ಜಾನ್ ಮಲೂಫ್ ಒಂದು ಪೆಟ್ಟಿಗೆ ನೆಗೆಟಿವ್ ಕೊಂಡ. ಮುಂದೆ ಇನ್ನಷ್ಟು ಸಿಕ್ಕು ಒಟ್ಟು ಒಂದು ಲಕ್ಷ ದಾಟಿತು. ಎಷ್ಟೋ ರೋಲುಗಳನ್ನು ತೊಳೆದೇ ಇರಲಿಲ್ಲ. 2009ರ ಏಪ್ರಿಲ್‌ನಲ್ಲಿ ಮೇಯರ್ ತೀರಿಕೊಂಡರು. ಜಗತ್ತು ಅವರನ್ನು ದೊಡ್ಡ ಛಾಯಾಗ್ರಾಹಕಿ ಅಂತ ಗುರುತಿಸಿದ್ದು ಆಮೇಲೆ.

ಈ ಕಥೆಯನ್ನು ನಿಧಿ ಸಿಕ್ಕ ಕಥೆಯ ಹಾಗೆ ಹೇಳೋದುಂಟು. ಹರಾಜು ಆಗದಿದ್ದರೆ ಆ ಚಿತ್ರಗಳು ನಮಗೆ ಸಿಗ್ತಿರಲಿಲ್ಲವೇನೋ, ನಿಜ. ಆದರೆ ಅದೇ ಹರಾಜಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ತನ್ನ ಜೀವಮಾನದ ಕೆಲಸವನ್ನು ಕಳೆದುಕೊಂಡರು. ಅಲ್ಲಿ ಬಂದವರ ಕಣ್ಣಿಗೆ ನೆಗೆಟಿವ್ ಬೀಳದಿದ್ದರೆ ಅವೂ ಕಸಕ್ಕೆ ಹೋಗ್ತಿದ್ದವು.

ಇನ್ನೂರು ವರ್ಷದ ಈ ಇತಿಹಾಸದಲ್ಲಿ ನನಗೆ ಕಾಣೋದು ಇಷ್ಟು. ಚಹಾ ಪೆಟ್ಟಿಗೆ ಉಳಿದದ್ದು ಕೈಯಿಂದ ಕೈಗೆ ಹೋದದ್ದಕ್ಕೆ. ಹಳೇ ಕಾರ್ಖಾನೆ ಉಳಿದದ್ದು ಇನ್ನೊಬ್ಬರಿಗೆ ಬೇಕಾದದ್ದಕ್ಕೆ. ಸ್ಟೋರೇಜ್ ಕಂಪನಿಗೆ ಲಾಭ ಬರೋದು ಮಾತ್ರ ಸಾಮಾನು ಅಲ್ಲಾಡದೆ ಕೂತಷ್ಟು ದಿನ. ಎರಡು ತಿಂಗಳಿಗೆ ಅಂತ ಇಟ್ಟ ಸೋಫಾ ನಾಲ್ಕು ವರ್ಷ ಕೂತರೆ, ಅದನ್ನು ಬಳಸಬಹುದಾಗಿದ್ದ ಇನ್ನೊಂದು ಮನೆಯವರು ಹೊಸದು ಕೊಂಡಿರ್ತಾರೆ. ಆಗ ಚಾವಣಿಯ ಮೇಲೆ ಎಷ್ಟು ಸೋಲಾರ್ ಇದ್ದರೇನು?

ಹಾಗಾಗಿ ಇಂಥ ಜಾಗ ಬಾಡಿಗೆಗೆ ಹಿಡಿಯೋರು ಎರಡು ವಿಷಯ ಕೇಳಿ. ಬಾಡಿಗೆ ನಿಂತರೆ ಸಾಮಾನು ಏನು ಮಾಡ್ತೀರಿ, ಯಾರಿಗೆ ತಿಳಿಸ್ತೀರಿ ಅಂತ ಕಂಪನಿಯವರನ್ನು ಕೇಳಿ. ಇದನ್ನು ಯಾವ ತಿಂಗಳು ಹೊರಗೆ ತೆಗೀತೀನಿ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಎರಡನೇದಕ್ಕೆ ಉತ್ತರ ಇಲ್ಲ ಅಂದರೆ, ಆ ಸಾಮಾನು ಬೇಕಾದವರು ನಿಮ್ಮ ಬೀದಿಯಲ್ಲೇ ಯಾರಾದರೂ ಇರಬಹುದು.